ಮೊಮ್ಮಗಳು ಸೋತ ಸಂಭ್ರಮ

ಮೊದಲು ಖುಷಿಯ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ವೇಣಿ, ಭಟ್ಕಳದ ಇರ್ಫಾನ್, ಹೊನ್ನಾವರದ ವಿನಾಯಕ, ಈ ಮೂವರೂ ಇನ್ನು ಮುಂದೆ ಒಂದೇ ಲೈಬ್ರರಿ ಬಳಸುವುದೆಂದು ಒಪ್ಪಿದರು! ನಿನ್ನೆ, ನಮ್ಮ ಮನೆಯ ಜಗಲಿಯಲ್ಲೇ. ಕೇಳಿದ್ದೇ ತಡ, ನಾನು ಚಪ್ಪಲಿಯನ್ನೂ ಮೆಟ್ಟದೆ ಹೋಗಿ ಜಿಲೇಬಿ ತಂದೆ. ಅಂಗಡಿಯವ, "ಎಂತ ಅಜ್ಜಾ, ಮೊಮ್ಮಗಳ ಮದ್ವೆ ಕೂಡಿ ಬಂತಾ?" ಎಂದ. "ಮದ್ವೆಯಾದ್ರೆ ಇಬ್ರು ಒಪ್ಪಿದ್ರೆ ಸಾಕು ಮಾರಾಯಾ, ಇದ್ಕೆ ಮೂರು ಜನ ಒಪ್ಪಬೇಕಾಗಿತ್ತು" ಎಂದೆ.

ಇದು ಪುಸ್ತಕ ಜೋಡಿಸಿಡುವ ಲೈಬ್ರರಿ ಅಲ್ಲ. ನಾನು ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟವನು. ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿನ ಪರದೆ ಮೇಲೆ ಗುಂಡಿ ಒತ್ತಿದರೆ ಪೆಟ್ಟಿಗೆ ತೆರೆಯಬೇಕು, ತಪ್ಪು ತುಂಬಿದರೆ ಕೆಂಪು ಅಕ್ಷರ ಬರಬೇಕು. ಇದನ್ನೆಲ್ಲ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆಯಬೇಕಂತೆ. ಬುಡದಿಂದ ಬರೆಯುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೆ ಯಾರೋ ಪುಣ್ಯಾತ್ಮರು ಮೊದಲೇ ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟ ಕಟ್ಟೊಂದನ್ನು ತಂದುಕೊಳ್ಳುತ್ತಾರೆ. ಆ ಕಟ್ಟೇ ಲೈಬ್ರರಿ. ಮನೆಯಲ್ಲಿ ಅರೆಯುವ ಬದಲು ಮಸಾಲೆ ಪೊಟ್ಟಣ ತಂದ ಹಾಗೆ ಎಂದು ನಮ್ಮಾಕೆಗೆ ವಿವರಿಸಿದೆ. "ಹಾಂಗಾರೆ ರುಚಿ ಇರೂದಿಲ್ಲ ಬಿಡಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

ವೇಣಿ ಕುಮಟೆ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಆ ಇಬ್ಬರು ಹುಡುಗರೂ ಅವರವರ ಊರಲ್ಲಿ ಅದೇ ಕಸುಬಿನವರು. ಮೂರೂ ತಾಲೂಕಿನ ಮೀನುಗಾರರ ಸೊಸೈಟಿಗಳಿಗೆ ಒಂದೇ ಪ್ರೋಗ್ರಾಂ ಬೇಕೆಂದು ಮಾತು ಬಂದಾಗ ಮೂವರೂ ಕೈ ಜೋಡಿಸಿದರು. ದೋಣಿಯ ವಿವರ ವೇಣಿಗೆ, ಡೀಸೆಲ್ ಇರ್ಫಾನನಿಗೆ, ಐಸು ವಿನಾಯಕನಿಗೆ. ಒಬ್ಬೊಬ್ಬರೂ ತಮ್ಮ ತಮ್ಮ ಊರಲ್ಲಿ ಕೂತು, ತಮಗೆ ರೂಢಿಯಾದ ಲೈಬ್ರರಿ ಇಟ್ಟುಕೊಂಡು ಬರೆದರು. ಬೇರೆ ಬೇರೆ ನೋಡಿದರೆ ಮೂರೂ ಚಂದ. ಎಲ್ಲ ಸೇರಿಸಿ ಸೊಸೈಟಿಯವರ ಮುಂದೆ ತೆರೆದರೋ, ಯಾವ ಗುಂಡಿ ಒತ್ತಿದರೂ ಪರದೆ ಪಿಟ್ಟೆನ್ನಲಿಲ್ಲ. ಒಂದು ಲೈಬ್ರರಿ ಇನ್ನೊಂದರ ಕಾಲು ತುಳಿಯುತ್ತಿತ್ತಂತೆ. ಸೊಸೈಟಿಯವರು, "ಮಳೆಗಾಲ ಮುಗ್ದು ದೋಣಿ ಇಳಿಯೂದ್ರೊಳಗೆ ಸರಿ ಮಾಡಿ, ಇಲ್ಲಾಂದ್ರೆ ನಮ್ಗೆ ಲೆಕ್ಕದ ಪುಸ್ತಕವೇ ಸಾಕು" ಎಂದು ಎದ್ದು ಹೋದರು.

ಹಾಗಾದರೆ ಒಂದನ್ನಿಟ್ಟು ಎರಡನ್ನು ಬಿಡಬೇಕು. ಬಿಟ್ಟವರು ತಾವು ಬರೆದದ್ದನ್ನೆಲ್ಲ ಹೊಸದಾಗಿ ಬರೆಯಬೇಕು. ಯಾರು ಬಿಡುತ್ತಾರೆ? ಫೋನಿನಲ್ಲೇ ಜಗಳ ಶುರುವಾಯಿತು. ಆಮೇಲೆ ಫೋನೂ ನಿಂತಿತು. ಜಗಳ ಕೇಳುತ್ತಿದ್ದಾಗ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಸದ್ದು ನಿಂತ ಮೇಲೆ ಆಯಿತು. ಊಟಕ್ಕೆ ಕರೆದರೆ ವೇಣಿ "ಹಸಿವಿಲ್ಲ" ಎನ್ನುವಳು. ಒಂದು ದಿನ, "ಅಜ್ಜಾ, ನಾ ಇದನ್ನ ಬಿಟ್ಬಿಡ್ತೆ. ಅವ್ರೇ ಮಾಡ್ಕಳ್ಲಿ" ಎಂದಳು.

ನನ್ನ ಹೆದರಿಕೆಗೆ ಹಳೆಯ ಕಾರಣವುಂಟು. ನನ್ನ ಹರೆಯದಲ್ಲಿ ನಮ್ಮೂರು ಬಾಡದಲ್ಲಿ ರಂಪಣಿ ಇತ್ತು. ಇಡೀ ಕೇರಿ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ ಅದು. ಬಲೆ ಯಾರೊಬ್ಬರದೂ ಅಲ್ಲ. ಮನೆಗೊಂದು ತುಂಡು ತಂದು, ಎಲ್ಲ ಸೇರಿಸಿ ಹೊಲಿಯುವುದು ಪದ್ಧತಿ. ನೈಲಾನು ಬಂದ ಹೊಸತರಲ್ಲಿ ಅರ್ಧ ಮನೆಯವರು ಅದರ ತುಂಡು ತಂದರು, ಉಳಿದವರು ಹತ್ತಿ ನೂಲಿನದೇ ಗಟ್ಟಿ ಎಂದರು. ಯಾರೂ ಸೋಲಬಾರದೆಂದು ಹಿರಿಯರು ಎರಡನ್ನೂ ಸೇರಿಸಿ ಹೊಲಿಸಿದರು. ಹತ್ತಿಯದು ನೀರು ಕುಡಿದು ಭಾರವಾಯಿತು, ನೈಲಾನು ಹಗುರಕ್ಕೆ ಮುಂದೆ ಬಂತು, ಬಲೆ ತುಂಬ ಬಂಗಡೆ ಇರುವಾಗ ಹೊಲಿಗೆ ಬಿಚ್ಚಿತು. ಮೀನು ಹೋದದ್ದು ದೊಡ್ಡದಲ್ಲ, ಸಮುದ್ರದಲ್ಲಿ ಮತ್ತೆ ಹುಟ್ಟುತ್ತದೆ. 'ನಿಮ್ಮ ತುಂಡಿನಿಂದ' ಎಂಬ ಮಾತು ಬಂತಲ್ಲ, ಅದಾದ ಮೇಲೆ ನಮ್ಮ ಕೇರಿ ಒಟ್ಟಿಗೆ ನಿಂತು ಹಗ್ಗ ಹಿಡಿಯಲೇ ಇಲ್ಲ.

ಈ ಕಥೆಯನ್ನು ವೇಣಿಗೆ ಬಹಳ ಗಾಂಭೀರ್ಯದಿಂದ ಹೇಳಿದೆ. "ಅಜ್ಜಾ, ಇದ್ನ ನಾ ಹುಟ್ಟಿದಾಗಿಂದ ಕೇಳ್ತೇ ಇದ್ದೆ. ಹೋದ್ಸಲ ಬಂಗಡೆ ಅಲ್ಲ, ತಾರ್ಲೆ ಇತ್ತು" ಎಂದಳು. ಅಲ್ಲಿಗೆ ನನ್ನ ಉಪದೇಶ ಮುಗಿಯಿತು. ಸುಮ್ಮನಿರಲಾರದೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿದೆ. ದೇವರ ಮೈಮೇಲೆ ಹೂವಿಟ್ಟು ಕೇಳುವುದು. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಆಗುವುದಿಲ್ಲ. ಪೂಜೆಯವರು, "ಎಂತ ಕೇಳಬೇಕು?" ಎಂದರು. ಜಾವಾಸ್ಕ್ರಿಪ್ಟ್ ಎಂದೆ. ಅವರು ದೇವರ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎಷ್ಟು ಹೊತ್ತು ಕಾದರೂ ಯಾವ ಹೂವೂ ಬೀಳಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಬಾರದೆಂಬ ಬುದ್ಧಿ ನನಗಿಂತ ದೇವರಿಗೆ ಹೆಚ್ಚು.

ಕಡೆಗೆ ದಾರಿ ತೋರಿಸಿದವನು ಇರ್ಫಾನ್. ನಿನ್ನೆ ಬೆಳಿಗ್ಗೆ ಬೈಕಿನ ಹಿಂದೆ ವಿನಾಯಕನನ್ನು ಕೂರಿಸಿಕೊಂಡು, ಹೇಳದೆ ಕೇಳದೆ ಬಂದುಬಿಟ್ಟ. "ಬಾಯಲ್ಲಿ ಜಗಳ ಸಾಕು. ದೋಣಿ ಪೇಜು ಒಂದನ್ನೇ ಮೂವರೂ ಬರೆಯುವಾ. ಆದರೆ ಯಾರೂ ತಮ್ಮ ಲೈಬ್ರರಿ ಮುಟ್ಟಬಾರದು. ನೀನು ನನ್ನದರಲ್ಲಿ ಬರಿ, ನಾನು ಇವನದ್ದರಲ್ಲಿ, ಇವನು ನಿನ್ನದರಲ್ಲಿ" ಎಂದ.

"ನಿಂದ್ರಾಗೆ ತಪ್ಪು ಹುಡ್ಕೂಕೇ ಬರಿತೆ, ತಿಳ್ಕ" ಎಂದು ವೇಣಿ ಕೂತಳು.

ನಾನು ಜಗಲಿಯ ಮೂಲೆಯಲ್ಲಿ ಎಲೆಯಡಿಕೆ ಕವಳ ಹಾಕಿಕೊಂಡು, ಓದಲು ಬಾರದ ಪರದೆ ಬಿಟ್ಟು ಮೊಮ್ಮಗಳ ಮುಖವನ್ನೇ ಓದುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತ್ತು. ಆಮೇಲೆ ಒಂದು ಹುಬ್ಬು ಮೇಲೆ ಹೋಯಿತು. ಊಟದ ಹೊತ್ತು ದಾಟಿದ ಮೇಲೆ, ಎಷ್ಟೋ ದಿನದಿಂದ ನಗದವಳು ಒಬ್ಬಳೇ ನಕ್ಕಳು. "ಏ ಇರ್ಫಾನ್, ನಾ ಒಂದು ಪುಟ ಬರ್ದದ್ದು ಇದ್ರಾಗೆ ನಾಲ್ಕೇ ಸಾಲಿಗೆ ಆತಲ್ಲೋ! ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

"ಹೇಳಿದೆನಲ್ಲ! ನೀನು ಫೋನ್ ಇಟ್ಟೆ."

"ಇಟ್ರೆ ಮತ್ತೊಂದ್ಸಲ ಮಾಡೂಕೆ ಆಗೂದಿಲ್ವಾ?" ಎಂದವಳು ನಮ್ಮ ಕಡೆ ತಿರುಗಿ, "ಆತು, ಇರ್ಫಾನಂದೇ ಆಗ್ಲಿ. ನನ್ನ ಪೇಜು ಎಲ್ಲಾ ಮತ್ತೆ ಬರಿತೆ" ಎಂದಳು. ವಿನಾಯಕ ತನ್ನದನ್ನು ಆಗಲೇ ಮನಸ್ಸಿನಲ್ಲಿ ಬಿಟ್ಟಿದ್ದನೇನೋ, "ದೇವರು ದೊಡ್ಡವ" ಎಂದು ಕಾಲು ಚಾಚಿದ. ಇರ್ಫಾನ್ ಮಾತ್ರ ಗೆದ್ದವನ ಹಾಗೆ ಕಾಣಲಿಲ್ಲ. "ಅರ್ಧ ಪೇಜು ನಾನು ಬರೆದು ಕೊಡ್ತೇನೆ" ಎಂದ, ತಪ್ಪು ಮಾಡಿದವನ ಧ್ವನಿಯಲ್ಲಿ. ನಾನು ಜಿಲೇಬಿಗೆ ಓಡಿದ್ದು ಆಗಲೇ.

ಲೋಕದಲ್ಲಿ ಗೆದ್ದ ಮೊಮ್ಮಕ್ಕಳ ಅಜ್ಜಂದಿರು ಬೇಕಾದಷ್ಟು ಜನ ಇದ್ದಾರೆ. ತಾನಾಗಿ ಸೋತು, ಸೋತದ್ದಕ್ಕೆ ನಕ್ಕ ಮೊಮ್ಮಗಳ ಅಜ್ಜಂದಿರು ಎಷ್ಟು ಜನ? ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಸಮುದ್ರಕ್ಕೆ ಎಸೆದ ಹಾಗಾಯಿತು.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ನಾನು, ಮಗ, ಈ ಮೂವರು ಮಕ್ಕಳು. ಮೀನು ತಿನ್ನದ ವಿನಾಯಕನಿಗೆ ಬೇರೆ ಪಾತ್ರೆಯಲ್ಲಿ ಸೌತೆಕಾಯಿ ಹುಳಿ. ಬಡಿಸಿ ಮುಗಿಸಿದ ಸೊಸೆಯನ್ನೂ ನಮ್ಮಾಕೆಯನ್ನೂ ವೇಣಿ ಕೈಹಿಡಿದು ಎಳೆದು ಕೂರಿಸಿದಳು. ನಾಲ್ಕು ತುತ್ತು ಇಳಿದಿರಲಿಲ್ಲ, ಗುಂಡಿಯ ಬಣ್ಣ ಹಸಿರೋ ನೀಲಿಯೋ ಎಂದು ಮತ್ತೆ ಶುರುವಾಯಿತು. ಇರ್ಫಾನ್ ಧ್ವನಿ ಏರಿಸಿದ, ವೇಣಿ ಅದಕ್ಕಿಂತ ಏರಿಸಿದಳು. ಬಾಯಿಗೆ ಹೊರಟ ನನ್ನ ಕೈ ಅಲ್ಲೇ ನಿಂತಿತು.

ವೇಣಿ ಮಾತು ನಿಲ್ಲಿಸದೆಯೇ ತನ್ನ ತಟ್ಟೆಯ ಹುರಿದ ಬಂಗಡೆಯನ್ನು ಎತ್ತಿ ಅವನ ತಟ್ಟೆಗೆ ಹಾಕಿ, "ಮುಳ್ಳು ನೋಡ್ಕಂಡು ತಿನ್ನು. ಜಗಳ ಎಲ್ಲೂ ಓಡಿ ಹೋಗೂದಿಲ್ಲ" ಎಂದಳು.

ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.