ಇಪ್ಪತ್ತೈದಕ್ಕೆ ಇಳಿಸಿದ ಚಿತ್ರ

ಇವತ್ತು ನನ್ನ ರಿಪೇರಿ ಅಂಗಡಿಯಲ್ಲಿ ನನ್ನಿವಾಳ ಊರಿನ ಕಾಲೇಜು ಹುಡುಗಿಯೊಬ್ಬಳ ಲ್ಯಾಪ್‌ಟಾಪ್ ಬಿಚ್ಚಿದೆ. ಫ್ಯಾನಿನ ಸುತ್ತ ಕಪ್ಪು ಉಣ್ಣೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕಂಬಳಿಯ ಮೇಲಿಟ್ಟು ಗೇಮ್ ಆಡುತ್ತಾಳೆ. ಚಳ್ಳಕೆರೆ ಕಡೆ ಎಲ್ಲರೂ ಮಾಡುವ ತಪ್ಪೇ ಇದು. ಸುಟ್ಟ ಉಣ್ಣೆಯ ನಾತ ಮೂಗಿಗೆ ಬಡಿದದ್ದೇ ತಡ, ರಿಪೇರಿ ಅಣ್ಣ ನೆನಪಾದರು. ಅವರನ್ನು ಮರೆತಿದ್ದೇನೆ ಅಂದುಕೊಂಡಿದ್ದೆ...

ನಾನು ಡಿಗ್ರಿ ಓದುವಾಗ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಅವರ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ದೇವಸಮುದ್ರದ ಕಡೆಯ ಕುರಿ ಕಾಯುವ ಮನೆತನದವರು. ವಯಸ್ಸು ನಲವತ್ತೈದರ ಆಸುಪಾಸು, ಸಿಟ್ಟು ಬಂದರೆ ಬೈಗುಳವೆಲ್ಲ ತೆಲುಗಿನಲ್ಲಿ. ಕಾಲೇಜು ಬಿಟ್ಟ ಮೇಲೆ ನಾವು ನಾಲ್ಕೈದು ಜನ ಅಲ್ಲೇ ಕೂತು ಕಾರ್ ರೇಸ್ ಆಡುತ್ತಿದ್ದೆವು. ನನ್ನದು ಬಡಪಾಯಿ ಲ್ಯಾಪ್‌ಟಾಪ್. ತಿರುವಿನಲ್ಲಿ ನಾಲ್ಕು ಕಾರು ಒಟ್ಟಿಗೆ ಬಂದರೆ ಸಾಕು, ಚಿತ್ರ ತಡವರಿಸಿ ತಡವರಿಸಿ ನಿಂತೇಬಿಡುತ್ತಿತ್ತು.

ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಡೈನಾಮಿಕ್ ರೆಸಲ್ಯೂಷನ್ ನನ್ನ ಕೈಯಲ್ಲಿ ಆನ್ ಮಾಡಿಸಿದವರು ಅಣ್ಣನೇ. ಭಾರ ಬಿದ್ದಾಗ ಗೇಮ್ ತಾನಾಗಿಯೇ ಚಿತ್ರವನ್ನು ಚಿಕ್ಕದಾಗಿ ಬರೆದು, ಹಿಗ್ಗಿಸಿ ಪರದೆ ತುಂಬಿಸುತ್ತದೆ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಓಟ ಮಾತ್ರ ನಿಲ್ಲುವುದಿಲ್ಲ. ಭಾರ ಕಳೆದರೆ ಮತ್ತೆ ಸ್ಪಷ್ಟ. ಎಷ್ಟು ಇಳಿಯಬಹುದು ಅನ್ನುವುದಕ್ಕೊಂದು ಮಿತಿ ಇರುತ್ತದೆ, ಅದನ್ನು ನೂರಕ್ಕೆ ಅರವತ್ತರಲ್ಲಿ ಇಡಿಸಿದರು.

"ಏರು ಬಂದ್ರೆ ಕತ್ತೆ ಮೇಲಿನ ಹೊರೆ ಇಳಿಸ್ಬೇಕು ಲೇ, ಮಂದೆ ನಿಲ್ಲಿಸ್ಬಾರ್ದು," ಅಂದರು.

ಕೆಲಸ ಚಿನ್ನ, ಬಾಯಿ ಮಾತ್ರ ಹೊಲಸು. ನಾನು ಆಸೆಪಟ್ಟಿದ್ದ ಹುಡುಗಿ ಒಂದು ದಿನ ಚಾರ್ಜರ್ ಕೊಳ್ಳಲು ಬಂದಿದ್ದಳು. ಆಗಲೇ ನಾನು ರೇಸ್ ಸೋಲಬೇಕೆ? "ಕಣ್ಣು ಮನೇಲಿಟ್ಟು ಬಂದಿದೀಯೇನ್ಲೇ?" ಅಂದುಬಿಟ್ಟರು ಅಣ್ಣ. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತಿನಿಂದ ಅವರ ಕಣ್ಣನ್ನೇ ನೋಡತೊಡಗಿದೆ. ಪರದೆಯನ್ನು ಅವರು ನೇರವಾಗಿ ನೋಡುತ್ತಿರಲಿಲ್ಲ, ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದರು. ಲೇಬಲ್ ಕೊಟ್ಟರೆ "ನೀನೇ ಓದು" ಅನ್ನುತ್ತಿದ್ದರು. ಸ್ಕ್ರೂಗಳನ್ನು ಬೆರಳಿನಿಂದ ತಡವಿ ಆರಿಸುತ್ತಿದ್ದರು. ಓಡುವುದು ಅವರಿಗೆ ಕಾಣುತ್ತಿತ್ತು, ನಿಂತದ್ದು ಕಾಣುತ್ತಿರಲಿಲ್ಲ. ಇದು ಊರಿಗೆ ತಿಳಿದರೆ ಅಂಗಡಿ ಉಳಿಯುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹದಿನೈದು ದಿನ ಕಾದೆ.

ಶಾಲೆಯೊಂದರ ಕ್ಲರ್ಕ್ ಕೆಟ್ಟ ಲ್ಯಾಪ್‌ಟಾಪುಗಳ ಚೀಲ ಹೊತ್ತು ಬಂದ ದಿನ ಅದು. ಅಣ್ಣ ಚಹಾ ಹೇಳಿ ಬರಲು ಹೋದಾಗ ನನ್ನ ಗೇಮಿನಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಓಡಬೇಕು ಅನ್ನುವ ಫ್ರೇಮಿನ ಗುರಿಯನ್ನು ತುದಿಗೇರಿಸಿ, ಮಿತಿಯನ್ನು ಇಪ್ಪತ್ತೈದಕ್ಕೆ ಇಳಿಸಿದೆ. ಪರದೆಯ ಮೇಲೆ ಮರಗಳೆಲ್ಲ ಹಸಿರು ರಾಡಿಯಾದವು, ಕಾರುಗಳು ಬಣ್ಣದ ಇಟ್ಟಿಗೆಗಳಾದವು. ಗೆಳೆಯರು ನಗು ತಡೆದುಕೊಂಡರು.

"ಅಣ್ಣಾ, ಚಿತ್ರ ಹೆಂಗೈತೆ ನೋಡ್ರಿ," ಅಂದೆ, ಅವರು ವಾಪಸು ಬಂದು ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಹಿಡಿದ ಮೇಲೆ.

ಅವರು ಕತ್ತು ಓರೆ ಮಾಡಿದರು. "ಗಾಜಿದ್ದಂಗೈತೆ. ಯಾಕಲೇ?"

"ಅಣ್ಣಂಗೆ ಕಣ್ಣೇ ಕಾಣಂಗಿಲ್ಲ ಕಣ್ರಲೇ," ಅಂತ ಕೂಗಿದೆ.

ಅಂಗಡಿ ತುಂಬ ನಗು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ, ಸುಖವಾಗಿ ನಕ್ಕೆ. ಕ್ಲರ್ಕ್ ನಗಲಿಲ್ಲ. ಪರದೆ ನೋಡಿದ, ಅಣ್ಣನ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ನೋಡಿದ, ಚೀಲ ಎತ್ತಿಕೊಂಡು ಹೊರಟ. ತೆಲುಗಿನ ಬೈಗುಳ ಈಗ ಬರುತ್ತದೆ ಅಂತ ಕಾದೆ. ಅಣ್ಣ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಲು ಹೋದರು, ಎರಡು ಸಲ ತಪ್ಪಿತು.

"ಅರವತ್ತಕ್ಕೇ ಇಡು," ಅಂದರು ಕೊನೆಗೆ. "ಅದ್ಕಿಂತ ಕೆಳಗಿಳಿಸಿದ್ರೆ ಆಡೋರ ಕಣ್ಣು ನೋಯ್ತೈತೆ."

ಮಾತು ಊರೆಲ್ಲ ಹರಡಿತು. ಅಣ್ಣ ಯಾರ ಯಂತ್ರವನ್ನೂ ಕೆಡಿಸಿರಲಿಲ್ಲ, ಆದರೂ ಕಣ್ಣಿಲ್ಲದವನಿಗೆ ಯಾರು ಕೊಡುತ್ತಾರೆ? ಮೂರು ತಿಂಗಳಿಗೆ ಷಟರ್ ಎಳೆದು ತಮ್ಮೂರಿಗೆ ಹೋದರು.

ವರ್ಷಗಳ ಮೇಲೆ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಸಿಕ್ಕರು. ನನ್ನ ಎದುರಿನ ಸೀಟಿನಲ್ಲೇ ಕೂತಿದ್ದರು, ಹೆಗಲ ಮೇಲೆ ಕಂಬಳಿ. "ದೇವಸಮುದ್ರ ಬಂತಾ ಸ್ವಾಮಿ?" ಅಂತ ನನ್ನನ್ನೇ ಕೇಳಿದರು. ಊರು ಬಂದಿತ್ತು. ಬಾಯಿ ಬಿಟ್ಟರೆ ದನಿ ಗುರುತು ಹಿಡಿಯುತ್ತಾರೆ ಅನ್ನಿಸಿತು. ಕಿಟಕಿ ಕಡೆ ತಿರುಗಿಕೊಂಡೆ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಅವರನ್ನು ಬೈದು ಬಯಲಿನಲ್ಲಿ ಇಳಿಸಿದ. ಕೈ ಮುಂದೆ ಚಾಚಿಕೊಂಡು ನಿಂತಿದ್ದರು...

ಹೋದ ವರ್ಷ ತೀರಿಕೊಂಡರಂತೆ. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಉಣ್ಣೆ ಕಿತ್ತು, ಫ್ಯಾನ್ ಒರೆಸಿ, ಡೈನಾಮಿಕ್ ರೆಸಲ್ಯೂಷನ್ ಆನ್ ಮಾಡಿ, ಗೇಮ್ ಹಾಕಿ ಹುಡುಗಿಗೆ ತೋರಿಸಿದೆ. "ಚಿತ್ರ ಮಸುಕಾಗಲ್ವಾ ಅಣ್ಣಾ?" ಅಂದಳು. ಅರವತ್ತಕ್ಕೆ ಇಟ್ಟಿದ್ದೇನೆ, ಕಣ್ಣು ನೋಯುವುದಿಲ್ಲ ಅಂದೆ. ಈ ಕಸುಬಿಗೆ ಬಂದ ಮೇಲೆ ಅದಕ್ಕಿಂತ ಕೆಳಗೆ ಯಾರಿಗೂ ಇಳಿಸಿಲ್ಲ. ಅದಕ್ಕೂ ಮೊದಲು ಇಳಿಸಿದ್ದು ಒಬ್ಬರಿಗೆ ಮಾತ್ರ.