ಕಣ್ಣು ತೆರೆಸುವ ಶರಫುದ್ದೀನ

ಮಾಘದ ಚಳಿ ಬಿಟ್ಟಿಲ್ಲ. ಹೊತ್ತು ಈಗಷ್ಟೇ ಮೂಡುತ್ತಿದೆ. ಅಫಜಲಪುರದ ಹತ್ತಿರದ ಹಳ್ಳಿಯೊಂದರಲ್ಲಿ, ರಾತ್ರಿ ತೀರಿಕೊಂಡ ಗುರುಶಾಂತಮ್ಮನನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಮೈಮೇಲೆ ಹಸಿರು ಇಳಕಲ್ ಸೀರೆ. ಎದುರಿಗೆ ಮುಕ್ಕಾಲಿಯ ಮೇಲೆ ಮರದ ಡಬ್ಬಿ ಕ್ಯಾಮೆರಾ. ಅದರ ಕರಿಬಟ್ಟೆಯೊಳಗೆ ತಲೆ ಹುದುಗಿಸಿ ಶರಫುದ್ದೀನ ಬೆಳಕು ಕಾಯುತ್ತಿದ್ದಾರೆ.

“ಯಾರೂ ಅಲಗಬ್ಯಾಡ್ರಿ.”

“ನಮ್ಮವ್ವ ಅಲಗೂದಿಲ್ಲ ಬಿಡೋ ಶರಫ್ಯಾ,” ಎನ್ನುತ್ತಾರೆ ಹಿರಿಮಗ ನಾಗಣ್ಣ. “ನಿನ್ನ ಕ್ಯಾಮೆರಾದ ಕಾಲೇ ನಡಗಾಕತ್ತಾವ, ಅದನ್ನ ನೋಡು.” ಅಳುತ್ತಿದ್ದವರೂ ಒಂದಿಷ್ಟು ನಗುತ್ತಾರೆ.

ಕಾಲು ನಡುಗುವುದು ನಿಜವೇ. ಕ್ಯಾಮೆರಾ ಶರಫುದ್ದೀನರ ತಂದೆಯ ಕಾಲದ್ದು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದ ಹಿರಿಯರು ಆಳಂದದಿಂದ ಜೇವರ್ಗಿಯವರೆಗಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಕಣ್ಣು ಬಿಟ್ಟು ಕುಳಿತಿದ್ದಾರಲ್ಲ, ಆ ಕಣ್ಣೆಲ್ಲ ಇವರ ಕೈಯವು. ಫೋಟೋ ತೊಳೆದು ಒಣಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಾರೆ.

ಆದರೆ ಈಗ, ಎಂಬತ್ತಾರನೇ ಇಸವಿಯಲ್ಲಿ, ಮದುವೆ ಮನೆಯವರಿಗೆ ಬಣ್ಣದ ಫೋಟೋ ಬೇಕು. ಗುಲಬರ್ಗಾದವರು ಮೋಟರ್‌ಸೈಕಲ್ಲಿನಲ್ಲಿ ಬಂದು ಫ್ಲ್ಯಾಶ್ ಮಿಂಚಿಸಿ ಹೋಗುತ್ತಾರೆ. ಹೊಸ ಕ್ಯಾಮೆರಾ, ಲೆನ್ಸು, ಫ್ಲ್ಯಾಶು ಎಲ್ಲ ಸೇರಿಸಿ ತರಬೇಕೆಂದು ಶರಫುದ್ದೀನ ಸೊಲ್ಲಾಪುರದ ಬಸ್ಸಿನ ತನಕ ಹೋಗುತ್ತಾರೆ. ಸೀಟು ಹಿಡಿಯುತ್ತಾರೆ. ಬಸ್ಸು ಬಿಡುವಷ್ಟರಲ್ಲಿ ಇಳಿದು ತಮ್ಮ ಫೋಟೋ ಅಂಗಡಿಗೆ ಬರುತ್ತಾರೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

“ಬಣ್ಣದ್ದು ಸೊಲ್ಲಾಪುರದಾಗ ಮಿಶಿನ್ ತೊಳೀತದ್ರಿ,” ಎನ್ನುತ್ತಾರೆ, ಯಾಕೆಂದು ಕೇಳಿದವರಿಗೆ. “ಆ ಕಾಗದಕ್ಕ ನನ್ನ ಶಾಯಿ ಹಿಡಿಯೂದಿಲ್ಲ. ಕಣ್ಣು ಮುಚ್ಚಿದ ಫೋಟೋ ಯಾರು ಗ್ವಾಡಿಗೆ ಹಾಕ್ತಾರ?”

“ಬರೂ ಸೀಜನ್, ಬರೂ ಸೀಜನ್ ಅನಕೋತ ಇವ್ರ ಗಡ್ಡ ಬೆಳ್ಳಗಾತು,” ಎಂದು ಹೆಂಡತಿ ಕರೀಮುನ್ನಿಸಾ ಚಹಾ ಇಟ್ಟು ಹೋಗುತ್ತಾರೆ.

ವಾರದ ಮೇಲೆ ಗುರುಶಾಂತಮ್ಮನ ಮಗಳು ಶಿವಕಾಂತಾ ಫೋಟೋ ಒಯ್ಯಲು ಬರುತ್ತಾಳೆ. ಫೋಟೋವನ್ನು ಬಹಳ ಹೊತ್ತು ನೋಡುತ್ತಾಳೆ. ಅಷ್ಟರಲ್ಲಿ ಚಹಾ ತಂದ ಕರೀಮುನ್ನಿಸಾರ ಮುಖ ನೋಡುತ್ತಾಳೆ.

“ಕಾಕಾ, ಇವು ನಮ್ಮವ್ವನ ಕಣ್ಣಲ್ರಿ. ಈ ಕಾಕುನವು.”

ಕರೀಮುನ್ನಿಸಾ ಸೆರಗು ಬಾಯಿಗೆ ಹಚ್ಚಿ ನಗುತ್ತಾರೆ. “ಹೊಸದಾಗಿ ಕಲಿಯೂ ಮುಂದ ನನ್ನ ಎದುರಿಗೆ ಕುಂದರಸ್ಕೊಂಡು ಬರದಾರವ್ವ. ಮುಂದ ಬ್ಯಾರೆ ಕಣ್ಣು ಕಲೀಲೇ ಇಲ್ಲ.”

“ಬರೀಲಾರದ್ದು ಒಂದು ಕೊಡ್ರಿ ಕಾಕಾ,” ಎನ್ನುತ್ತಾಳೆ ಶಿವಕಾಂತಾ. “ಕಣ್ಣು ಮುಚ್ಚಿದ್ರ ಮುಚ್ಚಿರ್ಲಿ, ಆಕಿ ನಮ್ಮವ್ವ. ಆ ಸೀರಿ ಒಂದು ಹಸರ ಕಾಣಬೇಕಾಗಿತ್ತು ನೋಡ್ರಿ.”

ಅಂದು ಸಂಜೆಯೇ ಹೊಸ ಪ್ರತಿ ತಯಾರಾಗುತ್ತದೆ. ಕುಂಚ ಡಬ್ಬಿಯಲ್ಲೇ ಇರುತ್ತದೆ.

ಹೊಸ ಕ್ಯಾಮೆರಾ ತಂದರೆ ಅದರಲ್ಲಿ ಮೊದಲು ಯಾರ ಫೋಟೋ ಎಂದು ಕೇಳಿದರೆ ಶರಫುದ್ದೀನ ಒಳಗಿನ ಬಾಗಿಲತ್ತ ನೋಡುತ್ತಾರೆ. “ಇಕೀದೇ. ಇಕಿ ಕಣ್ಣು ಊರ ಮಂದಿಗೆಲ್ಲ ಹಂಚೇನಿ, ಇಕೀದು ಒಂದೂ ಫೋಟೋ ಇಲ್ರಿ.”

ಸೋಮವಾರ ಬೆಳಗಿನ ಸೊಲ್ಲಾಪುರದ ಬಸ್ಸು ಬಿಟ್ಟಿತು. ಶರಫುದ್ದೀನ ಇಳಿಯಲಿಲ್ಲ.