ಚಕ್ಕುಲಿ ಕವರಿನ ಜಾಡು ಹಿಡಿದು ಮೈಸೂರಿಗೆ

ಹಾಸನದಿಂದ ಬೆಳಿಗ್ಗೆ ಏಳಕ್ಕೆ ಹೊರಟ ಕೆಂಪು ಬಸ್ಸು ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ಹಿನಕಲ್ ಮುಟ್ಟುವಾಗ ಹತ್ತೂವರೆಯಾಗಿತ್ತು. ಟಿಕೆಟ್ಟಿಗೆ ಐವತ್ತೆಂಟು ರೂಪಾಯಿ. ಎರಡು ಸಾವಿರದ ನಾಲ್ಕನೇ ಇಸವಿಯ ಫೆಬ್ರವರಿ. ಚಳಿ ಹೋಗಿತ್ತು, ಬಿಸಿಲು ಇನ್ನೂ ಹದವಾಗಿತ್ತು. ನಾನಾಗ ಹಾಸನದ ಒಂದು ಚಕ್ಕುಲಿ, ನಿಪ್ಪಟ್ಟಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಮೈಸೂರಿನ ಶ್ರೀರಾಂಪುರದಲ್ಲಿ ಕಸ ವಿಂಗಡಿಸುವ ಮಹಿಳಾ ಸಂಘವೊಂದು ನಮಗೆ ಕಾಗದ ಬರೆದಿತ್ತು. ನಿಮ್ಮ ಕವರುಗಳನ್ನು ಏನು ಮಾಡಬೇಕೆಂದು ನೀವೇ ಬಂದು ನೋಡಿ ಹೇಳಿ ಎಂಬುದು ಅದರ ಸಾರಾಂಶ. ನಮ್ಮ ಮಾಲೀಕರು ಶಿವಣ್ಣನವರು ಅದನ್ನು ಎರಡು ಸಲ ಓದಿ, "ಹೋಗಿ ಸಮಾಧಾನ ಮಾಡಿ ಬಾರಮ್ಮ ಗಿರಿಜಾ. ಹಳೇ ಕವರನ್ನ ಆ ಕಡೆ ಯಾರಾದ್ರೂ ತಗೋತಾರಾ ಅಂತಾನೂ ವಿಚಾರಿಸು" ಎಂದು ಕಳಿಸಿದ್ದರು.

ಒಳಗಡೆ ಬೆಳ್ಳಿಯಂತೆ ಹೊಳೆಯುವ, ಹೊರಗೆ ಹಸಿರು ಗಿಣಿಯ ಚಿತ್ರವಿದ್ದ ಆ ಕವರನ್ನು ಆರಿಸಿದವಳು ನಾನೇ. ಅದರಲ್ಲಿ ಚಕ್ಕುಲಿ ಮೂರು ತಿಂಗಳಾದರೂ ಮೆತ್ತಗಾಗುತ್ತಿರಲಿಲ್ಲ. ಅಂಗಡಿಗಳ ಮುಂದೆ ಸರ ಕಟ್ಟಿ ತೂಗುಹಾಕಿದ್ದನ್ನು ಕಂಡರೆ ನಿಂತು ನೋಡುವಷ್ಟು ಹೆಮ್ಮೆ ನನಗೆ.

ಹಿನಕಲ್‌ನಿಂದ ಆಟೋ ಹಿಡಿದು ಶ್ರೀರಾಂಪುರಕ್ಕೆ ಹೋದೆ. ಅರ್ಧ ಕಟ್ಟಿದ ಮನೆಗಳು, ಸೈಟಿನ ಕಲ್ಲುಗಳು, ಜಲ್ಲಿ ರಾಶಿ. ಇವುಗಳ ಕೊನೆಯಲ್ಲಿ ಒಂದು ಶೀಟಿನ ಶೆಡ್ಡು. ದುರ್ವಾಸನೆಗೆಂದು ಮೂಗಿಗೆ ಸೆರಗು ಹಿಡಿದು ಸಿದ್ಧಳಾಗಿದ್ದವಳಿಗೆ ಅಲ್ಲಿ ಗುಡಿಸಿ ನೀರು ಚಿಮುಕಿಸಿದ ಅಂಗಳ ಎದುರಾಯಿತು. ಸಂಘದ ಮುಖ್ಯಸ್ಥೆ ಚಿಕ್ಕತಾಯಮ್ಮ ಐವತ್ತರ ಆಸುಪಾಸಿನವರು. ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದು ಹದಿನೈದು ವರ್ಷ ಬೀದಿ ಗುಡಿಸಿದವರಂತೆ.

"ಕಾಗ್ದ ಬರ್ದು ಮೂರ್ ತಿಂಗ್ಳಾಯ್ತು. ಎಂಟು ಕಂಪ್ನಿಗೆ ಬರ್ದಿದ್ವಿ. ಬಂದೋರು ನೀವೊಬ್ರೇ ಕಣಮ್ಮ," ಎಂದು ನೀರು ಕೊಟ್ಟರು.

ಆಮೇಲೆ ಶೆಡ್ಡನ್ನೆಲ್ಲ ತೋರಿಸಿದರು. ಹಾಲಿನ ಕವರು, ಬಾಟಲಿ, ರಟ್ಟು, ಗಾಜು, ತಗಡು ಎಲ್ಲ ಬೇರೆ ಬೇರೆ. ವಾರಕ್ಕೊಮ್ಮೆ ಗುಜರಿಯವರು ಬಂದು ಎತ್ತುತ್ತಾರೆ. ಆದರೆ ಹಿಂದಿನ ಕೋಣೆಯ ಬಾಗಿಲು ತೆರೆದಾಗ ನಾನು ಹೊಸ್ತಿಲಲ್ಲೇ ನಿಂತೆ. ಸೂರಿನವರೆಗೆ ಮೂಟೆಗಳು, ಒಂದೊಂದು ಕಂಪನಿಯದು ಒಂದೊಂದು ಸಾಲು. ನಮ್ಮ ಗಿಣಿಯದೇ ಉದ್ದನೆಯ ಸಾಲು.

"ಇದನ್ನ ಯಾರೂ ಮುಟ್ಟಲ್ಲ. ಸುಟ್ರೆ ಕಣ್ಣುರಿ, ಹೂತ್ರೆ ಕರಗಲ್ಲ," ಎಂದರು ಚಿಕ್ಕತಾಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಡಕೊಳದಲ್ಲಿ ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಯಿದೆ, ಬೆಳಿಗ್ಗೆ ಹೋಗಿ ಕೇಳುತ್ತೇನೆ ಎಂದೆ. "ನಾನೂ ಬತ್ತೀನಿ," ಎಂದರು.

ಸಂಜೆ ಲಾಡ್ಜಿಗೆ ಹೊರಟವಳನ್ನು ಅವರು ತಡೆದರು. ಸ್ವಲ್ಪ ತಡವರಿಸಿಯೇ ಕೇಳಿದರು: "ನಮ್ಮನೇಲಿ ಉಂಡು ಮಲಗ್ತೀರಾ?" ಆಗಲಿ ಎಂದು ಅವರ ಜೊತೆ ಹೋದೆ. ನಾನು ಮಠಕ್ಕೆ ನಡೆದುಕೊಳ್ಳುವ ಮನೆಯವಳೆಂದು ನನ್ನ ಹಣೆಯ ವಿಭೂತಿ ಹೇಳುತ್ತಿತ್ತು, ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಎರಡನೇ ಮುದ್ದೆ ನಾನೇ ಕೇಳಿ ಹಾಕಿಸಿಕೊಂಡೆ. ಅವರ ಮುಖ ಅರಳಿತು.

ಮರುದಿನ ಒಂದು ಮೂಟೆ ಹೊತ್ತು ನಂಜನಗೂಡಿನ ಬಸ್ಸು ಹತ್ತಿ ಕಡಕೊಳದಲ್ಲಿ ಇಳಿದೆವು. ಕಾರ್ಖಾನೆಯ ನಾಗರಾಜು ನಮ್ಮ ಕವರನ್ನು ಉಗುರಿನಿಂದ ಕೆರೆದು ತೋರಿಸಿದರು. "ನೋಡಿ ಮೇಡಂ, ಇದು ಒಂದು ಹಾಳೆ ಅಲ್ಲ, ಮೂರು ಹಾಳೆ ಅಂಟಿಸಿರೋದು. ಒಂದು ಕರಗೋ ಹೊತ್ಗೆ ಇನ್ನೊಂದು ಸೀದೋಗುತ್ತೆ. ಒಂದೇ ಹಾಳೆ ಕವರ್ ಕೊಡಿ, ಎಷ್ಟಾದ್ರೂ ತಗೋತೀನಿ."

ಚಕ್ಕುಲಿ ಮೂರು ತಿಂಗಳು ಮೆತ್ತಗಾಗಬಾರದೆಂದು ಹಾಗೆ ಮಾಡಿಸಿದ್ದು ಎಂದೆ. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. "ಅಲ್ಲಾ ಕಣಮ್ಮ, ಚಕ್ಲಿ ಮೂರ್ ತಿಂಗ್ಳು ಯಾಕೆ ಇರ್ಬೇಕು? ನಮ್ಮೂರಲ್ಲಿ ವಾರಕ್ಕೇ ಖಾಲಿ ಆಯ್ತದಲ್ಲ?"

ಹಾಸನ, ಮೈಸೂರಿನ ಅಂಗಡಿಗಳಲ್ಲಿ ನಮ್ಮ ಸರಕು ಹದಿನೈದು ದಿನ ಉಳಿಯುತ್ತಿರಲಿಲ್ಲ. ದೂರದೂರಿಗೆ ಹೋಗುವ ಸ್ವಲ್ಪ ಮಾಲಿಗಾಗಿ ಎಲ್ಲಕ್ಕೂ ಆ ಕವರು ತೊಡಿಸಿದ್ದೆ, ಚೆಂದ ಕಾಣುತ್ತದೆಂದು.

ರಸ್ತೆ ಬದಿಯ ಎಸ್‌ಟಿಡಿ ಬೂತಿನಿಂದ ಮಾಲೀಕರಿಗೆ ಫೋನು ಮಾಡಿದೆ. ಕವರು ಬದಲಾಯಿಸಬೇಕು, ಈಗ ಬಿದ್ದಿರುವುದನ್ನು ನಾವೇ ವಾಪಸ್ ತರಬೇಕು ಎಂದೆ.

"ಸಮಾಧಾನ ಮಾಡಿ ಬಾ ಅಂದ್ರೆ ಕಸ ಹೊತ್ಕೊಂಡು ಬರ್ತೀನಿ ಅಂತೀಯಲ್ಲ! ಮಾರಿದ್ಮೇಲೆ ಅದು ನಮ್ದಾ?"

ಕೆಲಸ ಹೋದರೂ ಹೋಗಲಿ ಅನ್ನಿಸಿತು. "ಅದರ ಮೇಲಿರೋದು ನಮ್ಮ ಹೆಸರು ಸಾರ್. ಮಾಡಿದೋರು ನಾವು. ಮೈಸೂರಿನ ಹೆಂಗಸರು ಅದನ್ನ ಆರಿಸಿ ಆರಿಸಿ ಇಟ್ಟಿದ್ದಾರೆ."

ಎಷ್ಟು ಮೂಟೆ ಇದೆ ಎಂದು ಕೇಳಿದರು, ಹೇಳಿದೆ. ಕೊನೆಗೆ, "ತಗೊಂಡ್ ಬಾ, ನೋಡಣ" ಎಂದು ಫೋನಿಟ್ಟರು.

ಬೂತಿನ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕತಾಯಮ್ಮ ನನ್ನ ಕೈ ಹಿಡಿದರು. "ಅಂದ್ಬುಟ್ರಲ್ಲ!" ಎಂದು ಜೋರಾಗಿ ನಕ್ಕರು.

ಮಧ್ಯಾಹ್ನ ಮೈಸೂರಿನ ಬಸ್ ನಿಲ್ದಾಣಕ್ಕೆ ಸಂಘದ ಆರು ಜನ ಹೆಂಗಸರೂ ಬಂದರು. ಮೊದಲಿಗೆ ನಾಲ್ಕು ಮೂಟೆ ಬಸ್ಸಿನ ಮೇಲೆ ಏರಿತು. ಏನಿದು ಎಂದು ಕಂಡಕ್ಟರು ಕೇಳಿದಾಗ ಚಿಕ್ಕತಾಯಮ್ಮನೇ ತಲೆಯೆತ್ತಿ ಹೇಳಿದರು: "ಇವ್ರ ಕಂಪ್ನಿ ಮಾಲು. ವಾಪಸ್ ಹೋಯ್ತಾ ಅದೆ." ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅಲ್ಲೇ ಸಾಲಾಗಿ ನಿಂತಿದ್ದರು.

ಮಾರನೆಯ ಬೆಳಿಗ್ಗೆ ಒಂದು ಮೂಟೆಯನ್ನು ಶಿವಣ್ಣನವರ ಮುಂದೆ ಬಿಚ್ಚಿದೆ. ತೊಳೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ದಾರ ಕಟ್ಟಿದ ಕಟ್ಟುಗಳು. ಅವರು ಒಂದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಾವು ಕಳಿಸುವಾಗಲೂ ಇಷ್ಟು ಅಚ್ಚುಕಟ್ಟಾಗಿ ಇರಲ್ವಲ್ಲಮ್ಮ. ಯಾರು ಕಟ್ಟಿದ್ದು?"

"ಚಿಕ್ಕತಾಯಮ್ಮನವರು ಮತ್ತು ಅವರ ಸಂಘದವರು," ಎಂದೆ. ಆ ಹೆಸರನ್ನು ನಮ್ಮ ಆಫೀಸಿನಲ್ಲಿ ಹೇಳುವಾಗ ನನಗಾದ ಹೆಮ್ಮೆ ಗಿಣಿ ಕವರಿನಿಂದ ಎಂದೂ ಆಗಿರಲಿಲ್ಲ.

ಹತ್ತಿರದೂರಿನ ಮಾಲಿಗೆ ಒಂದೇ ಹಾಳೆಯ ಕವರು ಬರಲು ಎರಡು ತಿಂಗಳು ಹಿಡಿಯಿತು. ಹಳೆಯ ಮೂಟೆಗಳಿಗೆ ಗೋದಾಮಿನಲ್ಲಿ ಜಾಗ ಮಾಡಿಸಿದ ಶಿವಣ್ಣನವರು, ಅದಕ್ಕೊಂದು ದಾರಿ ಹುಡುಕುವುದು ಇನ್ನು ನಮ್ಮ ತಲೆನೋವು ಎಂದರು. ನಾನು ಮರಳಿದ ವಾರವೇ ಚಕ್ಕುಲಿ ತುಂಬಿಕೊಂಡು ಮೈಸೂರಿಗೆ ಹೋದ ನಮ್ಮ ವ್ಯಾನು ಖಾಲಿ ಮರಳಲಿಲ್ಲ, ಉಳಿದ ಗಿಣಿ ಮೂಟೆಗಳನ್ನು ಹೊತ್ತು ಬಂತು.